ಊರಿಗೆ ಹೇಳಿ ಹೋಗು

ಮದುಮಗಳು ತುಳಸಾ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲು ಇಟ್ಟಿದ್ದಳು. ಅಜ್ಜಿ ಶಂಕ್ರವ್ವ ಅವಳ ತೋಳು ಹಿಡಿದು ಮತ್ತೆ ಕೆಳಗಿಳಿಸಿದಳು.

"ಊರಿಗೆ ಹೇಳದ ಹೊಂಟಿಯೇನ?"

ಹಳಿಯಾಳದಿಂದ ದಿಬ್ಬಣ ತಂದಿದ್ದ ಕರಿಬಸಪ್ಪನಿಗೆ ಇದು ತಿಳಿಯಲಿಲ್ಲ. ಮದುಮಗನ ಸೋದರಮಾವ ಆತ. ದೀಪ ಹಚ್ಚುವ ಹೊತ್ತಿಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹೊಣೆ ಅವನ ತಲೆಯ ಮೇಲಿತ್ತು. ಊರಿನವರೆಲ್ಲ ಬಸ್ಸಿನ ಸುತ್ತಲೇ ನಿಂತು ಕಣ್ಣೊರೆಸಿಕೊಳ್ಳುತ್ತಿರುವಾಗ ಇನ್ನು ಯಾವ ಊರಿಗೆ ಹೇಳುವುದು?

ಶಂಕ್ರವ್ವನ ಊರು ಹಿಂದಿನ ಮಳೆಗಾಲದಲ್ಲಿ ಕಾಳಿ ಹೊಳೆಯ ಆಣೆಕಟ್ಟಿನ ಹಿಂದೆ ಮುಳುಗಿಹೋಗಿತ್ತು. ಜನರನ್ನು ಲಾರಿಗಳಲ್ಲಿ ತಂದು ಈ ಕಾಲೊನಿಯಲ್ಲಿ ಇಳಿಸಿದ್ದರು. ಹಳೆಯ ಊರಿನಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟರೆ, ಅವಳು ಯಾವ ದೇವರ ಒಕ್ಕಲೇ ಆಗಿರಲಿ, ಗುಡಿ, ದರ್ಗಾ, ಶಿಲುಬೆಕಟ್ಟೆ ಮೂರಕ್ಕೂ ನಡೆದು ಹೋಗಿ ಕೈಮುಗಿಯಬೇಕು. ಕಡೆಗೆ ಹೊಳೆಗಿಳಿದು ಒಂದು ಬೊಗಸೆ ನೀರು ಕುಡಿಯಬೇಕು. ಕುಡಿಯದೆ ಹೋದವಳಿಗೆ ತವರು ಕಡಿದು ಹೋಯಿತೆಂದೇ ಅರ್ಥ. ಕಾಲೊನಿಯಿಂದ ಹೊರಟ ಮೊದಲ ಮಗಳು ತುಳಸಾ. ಇವಳನ್ನು ಸುಮ್ಮನೆ ಬಸ್ಸು ಹತ್ತಿಸಿಬಿಟ್ಟರೆ ಇನ್ನು ಮುಂದೆ ಇಲ್ಲಿಂದ ಹೋಗುವ ಯಾವ ಮಗಳಿಗೂ ತವರಿರುವುದಿಲ್ಲವೆಂದು ಶಂಕ್ರವ್ವನಿಗೆ ಅನ್ನಿಸಿತ್ತು. ಅನ್ನಿಸಿದ ಮೇಲೆ ಮುಗಿಯಿತು. ಅವಳದು ಉಡದ ಪಟ್ಟು.

"ಬರ್ರಿ ಬೀಗರ, ನಿಮಗೂ ನಮ್ಮೂರು ತೋರಸ್ತೇನಿ" ಎಂದು ಮೊಮ್ಮಗಳ ಕೈ ಹಿಡಿದು ನಡೆದೇಬಿಟ್ಟಳು. ಇದು ಪ್ಯಾಟಿ ಓಣಿ, ಬಲಕ್ಕೆ ಬ್ರೆಡ್ಡಿನ ಭಟ್ಟಿ, ಎಡಕ್ಕೆ ಅತ್ತರಿನ ಅಂಗಡಿ ಎಂದು ಕೈಮಾಡುತ್ತ ಹೋದಳು. ಕರಿಬಸಪ್ಪನ ಬಲಕ್ಕೆ ಮುಳ್ಳುಕಂಟಿ ಇತ್ತು, ಎಡಕ್ಕೆ ಪ್ಲಾಟಿನ ನಂಬರು ಕೊರೆದ ಕಲ್ಲು. ಗುಡಿಯ ದೇವರನ್ನು ಸದ್ಯಕ್ಕೆ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಶಂಕ್ರವ್ವ ಶೆಡ್ಡಿನ ಕಡೆ ಹೊರಳಿಯೂ ನೋಡಲಿಲ್ಲ. ಗುಡಿ ಇದ್ದದ್ದು ಪ್ಯಾಟಿ ಓಣಿಯ ತುದಿಗೆ, ಆದ್ದರಿಂದ ಅಲ್ಲೇ ಇರಬೇಕು. ಅಲ್ಲಿ ಯಾರದೋ ಎಮ್ಮೆ ಮೆಲುಕು ಹಾಕುತ್ತಿತ್ತು. ತುಳಸಾ ನಾಚಿಕೊಂಡು ಅದರ ಮುಂದೆಯೇ ಕೈಮುಗಿದಳು.

ಮುದುಕಿಯ ಲೆಕ್ಕದಲ್ಲಿ ದರ್ಗಾ ಬಂದು ಬಿದ್ದದ್ದು ಇನಾಸನ ಕೋಳಿಗೂಡಿನ ಮೇಲೆ. ಇನಾಸ ಸಿದ್ದಿ ಜನಾಂಗದವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಕಾಲೊನಿಯ ನೀರಿನ ಪಂಪು ನೋಡಿಕೊಳ್ಳುವ ಕೆಲಸ ಅವನದು. ಕರಿಬಸಪ್ಪ ನಗಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಇನಾಸ ಕೋಳಿಗಳನ್ನು ಓಡಿಸಿ, ಹೆಗಲ ಟವೆಲ್ಲನ್ನು ತಲೆಗೆ ಹೊದ್ದು, ದರ್ಗಾದಲ್ಲಿ ನಿಲ್ಲುವ ಹಾಗೆಯೇ ಬದಿಗೆ ಸರಿದು ನಿಂತ. ಬೀಗರ ನಗೆ ಬಾಯಲ್ಲೇ ಉಳಿಯಿತು.

"ಬಂತೇನೋ?" ಎಂದಳು ಶಂಕ್ರವ್ವ.

"ಇನ್ನೂ ಇಲ್ಲ ಬೇ" ಎಂದ ಇನಾಸ, ಪಂಪಿನ ಮನೆಯ ಆರಿದ ಬಲ್ಬಿನ ಕಡೆ ನೋಡಿ.

ಅಲ್ಲಿಂದ ಮುದುಕಿಯ ನಡಿಗೆ ನಿಧಾನವಾಯಿತು. ದಾರಿಯಲ್ಲಿ ಹಿಟ್ಟಿನ ಗಿರಣಿ ಬಂತು, ಗಿರಣಿಯವನ ಅತ್ತೆಯ ಮುಂಗೋಪ ಬಂತು, ಆ ಅತ್ತೆ ಸಾಕಿದ್ದ ಗಿಳಿಯೂ ಬಂತು. ಕರಿಬಸಪ್ಪನ ತಾಳ್ಮೆ ಗಿಳಿಯ ಹತ್ತಿರ ಮುಗಿಯಿತು.

"ಯವ್ವಾ, ಇಲ್ಲದ್ದನ್ನ ಎಷ್ಟು ತೋರಸ್ತೀರಿ? ಹುಡುಗಿ ಬಂದ್ರ ಬರಲಿ. ಇಲ್ಲಾಂದ್ರ ನಮ್ಮ ಬಸ್ಸು ಹೊಂಡತೈತಿ."

ಹಿಂದೆ ಬರುತ್ತಿದ್ದವರು ಗಕ್ಕನೆ ನಿಂತರು. ಶಂಕ್ರವ್ವ ಮೊಮ್ಮಗಳ ಮುಖ ನೋಡಿದಳು. ಹಟ ತನ್ನದು, ಬಾಳು ಹುಡುಗಿಯದು. ಆಗ ಬೆಳಗಿನಿಂದ ತಲೆ ಎತ್ತದಿದ್ದ ತುಳಸಾ ಮಾತಾಡಿದಳು.

"ಆಯಿ, ಶಿಲುಬಿ ಇಲ್ಲಿ ಅಲ್ಲ. ಬಾವಿ ದಾಟಿದ ಮ್ಯಾಲ."

ಹೇಳಿ, ಅಜ್ಜಿಯ ಕೈ ಬಿಡಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ತಾನೇ ಮುಂದೆ ನಡೆದಳು. ಇಲ್ಲದ ಬಾವಿಯನ್ನು ಬಳಸಿ ಹೋಗಿ, ಇಲ್ಲದ ಶಿಲುಬೆಕಟ್ಟೆಯ ಮುಂದೆ ಕೈಮುಗಿದಳು. ಈ ಸಲ ನಾಚಲಿಲ್ಲ. ಮದುಮಗಳೇ ಮುಂದೆ ಹೋದ ಮೇಲೆ ದಿಬ್ಬಣ ಬಸ್ಸು ಹತ್ತಿ ಮಾಡುವುದೇನು? ಕರಿಬಸಪ್ಪ ಗೊಣಗುತ್ತ ಹಿಂದೆ ಹೋದ.

ಹೊಳೆಯ ದಡ ಇರಬೇಕಾದಲ್ಲಿ ಸಾರ್ವಜನಿಕ ನಲ್ಲಿ ಇತ್ತು. ಮುಂದೆ ಖಾಲಿ ಕೊಡಗಳ ಸಾಲು. ಆಣೆಕಟ್ಟಿನ ಹಿಂದೆ ನಿಂತ ನೀರನ್ನೇ ಪಂಪಿನಿಂದ ಎತ್ತಿ ಈ ನಲ್ಲಿಗೆ ಬಿಡುತ್ತಿದ್ದರು. ನಾಡಿಗೆಲ್ಲ ಕರೆಂಟು ಬೇಕೆಂದು ಊರನ್ನು ಮುಳುಗಿಸಿದ್ದರು. ಆ ಕರೆಂಟಿಗೆ ಈ ಕಾಲೊನಿ ಮಾತ್ರ ಯಾವಾಗಲೋ ಒಮ್ಮೆ ನೆನಪಾಗುತ್ತಿತ್ತು. ಇವತ್ತು ಬೆಳಗಿನಿಂದ ನೆನಪಾಗಿರಲಿಲ್ಲ. ಶಂಕ್ರವ್ವ ನಲ್ಲಿಯ ಕಟ್ಟೆಯ ಮೇಲೆ ಕುಳಿತಳು, ಮೊಮ್ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಮುದುಕಿ ಗಿಳಿಯ ಕಥೆ ಹೇಳಿ ಯಾಕೆ ಹೊತ್ತು ಕಳೆದಳೆಂದು ಕರಿಬಸಪ್ಪನಿಗೆ ಈಗ ತಿಳಿಯಿತು. ಗಡಿಯಾರ ನೋಡಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದ.

ಬಿಸಿಲು ನಲ್ಲಿಯ ಕಟ್ಟೆಯಿಂದ ಇಳಿದು ಕೊಡಗಳ ಮೇಲೆ ಬಂದಾಗ ಪಂಪಿನ ಮನೆಯ ಬಲ್ಬು ಹೊತ್ತಿಕೊಂಡಿತು. ಇನಾಸ ಓಡಿದ. ಸ್ವಲ್ಪ ಹೊತ್ತಿಗೆ ನಲ್ಲಿ ಕೆಮ್ಮಿತು, ಬರೀ ಗಾಳಿ ಉಗುಳಿತು, ಆಮೇಲೆ ಕೆಂಪು ನೀರು ಬಿಟ್ಟಿತು.

"ರಾಡಿ ಐತಲ್ರಿ ಯವ್ವಾ" ಎಂದ ಕರಿಬಸಪ್ಪ. ದನಿ ತಗ್ಗಿತ್ತು. "ಮದುಮಗಳು ಹೆಂಗ ಕುಡೀತಾಳ?"

"ಅದು ರಾಡಿ ಅಲ್ರಿ ಬೀಗರ, ನಮ್ಮ ಓಣಿ ಮಣ್ಣು" ಎಂದಳು ಶಂಕ್ರವ್ವ. ಆಮೇಲೆ ಮೊಮ್ಮಗಳ ಎರಡೂ ಕೈ ಕೂಡಿಸಿ ನಲ್ಲಿಯ ಕೆಳಗೆ ಹಿಡಿದಳು.

"ಬೊಗಸಿ ಗಟ್ಟಿ ಹಿಡಿ ತುಳಸಾ. ಊರು ಬಂತು."