ಅಳತೆ ಪುಸ್ತಕ

“ಏಳು, ಎರಡು, ಒಂಬತ್ತು,” ಎಂದರು ಮಕ್ಕಳ ಕಲಿಕೆ ಪರೀಕ್ಷಿಸುವ ಮೇಡಂ.

“ಏಳು, ಎರಡು, ಒಂಬತ್ತು,” ಎಂದ ಗಾಲಿಕುರ್ಚಿಯಲ್ಲಿದ್ದ ಹುಡುಗ.

ಅಂಕಿ ನಾಲ್ಕಾದವು. ಹುಡುಗ ಮೊದಲನೆಯದನ್ನು ಹೇಳಿದ, ಕೊನೆಯದನ್ನು ಹೇಳಿದ, ನಡುವಿನವಕ್ಕಾಗಿ ಚಾವಣಿ ನೋಡಿದ. ಮೂಲೆಯ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ ಮಗನ ಈ ನೋಟ ಹೊಸದಲ್ಲ. ಅಂಗಡಿಯಲ್ಲಿ ದಿನಾ ಕಾಣುವುದೇ. ಗಿರಾಕಿಯ ಮೈಗೆ ಟೇಪು ಹಿಡಿದು, “ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು, ಭುಜ ಹದಿನೇಳು, ತೋಳು ಇಪ್ಪತ್ನಾಲ್ಕು” ಎಂದು ಒಂದೇ ಉಸಿರಿಗೆ ಕೂಗುವುದು ದರ್ಜಿಯ ರೂಢಿ. ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವುದು ಮಗನ ಕೆಲಸ. ದರ್ಜಿಯ ಅಪ್ಪನೂ ಹಾಗೇ ಕೂಗುತ್ತಿದ್ದ. ಕಾಲು ಸೋತ ಮಗನಿಗೆ ಕೂತಲ್ಲೇ ಮಾಡುವಂಥದ್ದೊಂದು ಸಿಕ್ಕಿತಲ್ಲ ಎಂದು ದರ್ಜಿ ಹಿಗ್ಗಿದ್ದೂ ನಿಜ. ಆದರೆ ಪುಸ್ತಕದಲ್ಲಿ ಮಧ್ಯದ ಅಳತೆಗಳು ಖಾಲಿ, ಇಲ್ಲವೇ ತಪ್ಪು. ನೀಲಿ ಕೋಟು ಗಿರಾಕಿಯ ಭುಜಕ್ಕೆ ಏರದೇ ಹೋದ ದಿನ ತುಂಬಿದ ಅಂಗಡಿಯಲ್ಲೇ ದರ್ಜಿ ಮಗನಿಗೆ ಅಂದುಬಿಟ್ಟಿದ್ದ: “ಕಾಲಿಗೆ ರೋಗ ಸರಿ, ತಲೆಗೇನು ಬಂದಿದೆ ನಿಂಗೆ?”

ಮೇಡಂ ಒಗಟು ಕೇಳಿದರು, ಚಿತ್ರ ಜೋಡಿಸಲು ಕೊಟ್ಟರು. ಹುಡುಗ ಪಟಪಟನೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ.

“ಬುದ್ಧಿಗೇನೂ ಕೊರತೆ ಇಲ್ಲ,” ಎಂದರು ಅವರು ದರ್ಜಿಯ ಕಡೆ ತಿರುಗಿ. “ಸ್ನಾಯುವಿನ ಈ ಕಾಯಿಲೆ ಇರೋ ಕೆಲವು ಮಕ್ಕಳಿಗೆ ಕಿವಿಗೆ ಬಿದ್ದದ್ದನ್ನ ಒಂದು ಗಳಿಗೆ ಹಿಡಿದಿಟ್ಕೊಳ್ಳೋದು ಕಷ್ಟ. ನಾಲ್ಕು ಒಟ್ಟಿಗೆ ಹೇಳಿದ್ರೆ ಎರಡು ಜಾರಿಹೋಗ್ತವೆ. ಒಂದೊಂದಾಗಿ ಹೇಳಿ, ಬರೆಯೋವರೆಗೂ ಕಾಯಿರಿ. ಅಷ್ಟೇ.”

“ಗಮನ ಕೊಡಲ್ಲ ಅಂದ್ಕೊಂಡಿದ್ದೆ ಮೇಡಂ.”

“ಗಮನ ಕೊಟ್ಟೂ ಕೊಟ್ಟೂ ಸುಸ್ತಾಗಿದಾನೆ ಪಾಪ.”

ಸಂಜೆ ಅಂಗಡಿಗೆ ಮೊದಲ ಗಿರಾಕಿ ಬಂದ. “ಎದೆ ನಲವತ್ತು,” ಎಂದ ದರ್ಜಿ, ನಿಲ್ಲಿಸಿದ. ಮಗ ಬರೆದು ತಲೆಯೆತ್ತಿದ. “ಸೊಂಟ ಮೂವತ್ತಾರು.” ಮತ್ತೆ ನಿಲ್ಲಿಸಿದ. ಒಂದೂ ತಪ್ಪಲಿಲ್ಲ. ಹೆಚ್ಚಿಗೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷ ಕೊಡದೆ ಎರಡು ವರ್ಷ ಬೈದೆನಲ್ಲ ಎಂದುಕೊಂಡ ದರ್ಜಿ.

ಗಿರಾಕಿ ಹೋದ ಮೇಲೆ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತ. “ಪುಟ್ಟಾ, ನಾನು ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ. ಮರೆತುಬಿಡು.”

“ಯಾವುದನ್ನಪ್ಪಾ?” ಹುಡುಗ ನಿಜವಾಗಿಯೂ ಯೋಚಿಸುತ್ತಿದ್ದ. “ನೀಲಿ ಕೋಟಿನ ದಿನದ್ದಾ? ಟೀಚರ್ ಎದುರಿಗೆ ಅಂದಿದ್ದಾ? ಅಮ್ಮನ ಹತ್ರ ಪಿಸುಪಿಸು ಅಂದಿದ್ದಾ?”

ಹುಡುಗ ಪುಸ್ತಕದ ಹೊಸ ಹಾಳೆ ತಿರುವಿ ಪೆನ್ಸಿಲ್ ಹಿಡಿದ.

“ಒಂದೊಂದಾಗಿ ಹೇಳಪ್ಪ.”