ತಣ್ಣೀರಿನ ಬಟ್ಟಲು

ಬೇಯುವ ರೇಷ್ಮೆಗೂಡಿನ ವಾಸನೆಯಲ್ಲೇ ನಾನು ಬೆಳೆದೆ. ಕಾಲೇಜಿಗೆ ಸೇರಿದ ಮೊದಲ ದಿನ ಬಸ್ಸಿನಲ್ಲಿ ಹೇಮಂತನೆಂಬ ಹುಡುಗ ಮೂಗು ಮುಚ್ಚಿಕೊಂಡು, "ಯಾರದು, ಸತ್ತ ಹುಳದ ನಾತ?" ಎಂದಾಗ ಬಸ್ಸೆಲ್ಲ ನಕ್ಕಿತ್ತು.

ಮೂರು ವರ್ಷದ ಮೇಲೆ ಇಬ್ಬರೂ ಕಾಲೇಜಿನ ಒಂದೇ ಪ್ರಾಜೆಕ್ಟ್ ತಂಡಕ್ಕೆ ಬಿದ್ದೆವು. ಅವನು ಇಂಜಿನಿಯರಿಂಗ್, ನಾನು ಸಮಾಜಕಾರ್ಯ. ರೇಷ್ಮೆನೂಲು ತೆಗೆಯುವವರ ಕೈ ಸುಡದಂಥ ಯಂತ್ರ ಮಾಡಬೇಕಿತ್ತು.

"ಮೊದ್ಲು ಒಂದಿನ ನೀನೇ ನೂಲು ತೆಗಿ," ಎಂದು ಅವನನ್ನು ಅಮ್ಮ ದುಡಿಯುವಲ್ಲಿಗೆ ಕರೆದೊಯ್ದೆ. ಅವಳು ನನ್ನಮ್ಮನೆಂದು ಅವನಿಗೆ ಹೇಳಲಿಲ್ಲ. ಅಲ್ಲಿ ಬಿಸಿನೀರಿಗೆ ಕೈಹಾಕುವ ಪ್ರತಿಯೊಬ್ಬರ ಪಕ್ಕದಲ್ಲೂ ಬೆರಳು ಅದ್ದಿಕೊಳ್ಳಲು ತಣ್ಣೀರಿನ ಬಟ್ಟಲಿರುತ್ತದೆ. ಅವನದನ್ನು ನಾನು ಬಚ್ಚಿಟ್ಟೆ.

"ಪಾಪ ಕಣೇ, ಕೊಡು," ಅಮ್ಮ ಪಿಸುಗುಟ್ಟಿದಳು.

"ಬಸ್ಸಲ್ಲಿ ಮೂಗು ಮುಚ್ಕೊಂಡೋನು ಇವ್ನೇ ಕಣಮ್ಮ. ಬೇಯ್ಲಿ."

ಮಧ್ಯಾಹ್ನ ಅವನ ಕೈ ನೋಡಲೆಂದೇ ಓಡಿಬಂದೆ. ಒಂದು ಬೊಬ್ಬೆಯೂ ಇರಲಿಲ್ಲ.

"ಈ ಆಂಟಿ ತಮ್ಮ ಬಟ್ಟಲೇ ಕೊಟ್ರು. ತಣ್ಣೀರಲ್ಲಿ ಅದ್ಕೊಂಡ್ರೆ ಏನೂ ಆಗಲ್ಲ ಕಣೇ," ಅವನು ನಕ್ಕ. "ಇದಕ್ಕೆಲ್ಲ ಯಂತ್ರ ಯಾಕೆ?"

ಅಮ್ಮ ನನ್ನ ಬುತ್ತಿಯನ್ನು ಆಗಷ್ಟೇ ಬೊಬ್ಬೆಯೆದ್ದ ಬೆರಳುಗಳಿಂದ ಬಿಚ್ಚಿ ಅವನ ಮುಂದೆ ಹಿಡಿದಳು.