ಕೆಮ್ಮುವ ಗಾಡಿ

“ಈ ಗಾಡಿಯೊಳಗೆ ಯಾರು ಸತ್ತವ್ರೆ?” ಜುಂಜಪ್ಪ ಸ್ಪ್ಯಾನರ್ ಕೆಳಗಿಟ್ಟು ಕೇಳಿದ.

ಗಾಡಿ ತಂದಿದ್ದ ನಾಗಭೂಷಣ್ ಒಳಗೆ ಇಣುಕಿದ. ಇಂಜಿನ್ ಆಫ್ ಆಗಿತ್ತು. ನಲ್ಲಿಗಳೆಲ್ಲ ಬಂದ್ ಆಗಿದ್ದವು. ಆದರೂ ಮಂಚದ ಕೆಳಗೆಲ್ಲೋ ಟುಕ್ ಟುಕ್ ಟುಕ್ ಎಂದು ಸದ್ದೆದ್ದಿತು, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಮುದುಕನೊಬ್ಬ ಕಂಬಳಿ ಹೊದ್ದು ಒಳಗೊಳಗೇ ಕೆಮ್ಮಿದ ಹಾಗೆ.

ಗುಬ್ಬಿಯ ತುಮಕೂರು ರಸ್ತೆಯ ಆ ಶೆಡ್ಡಿಗೆ ಲಾರಿ, ಟ್ರ್ಯಾಕ್ಟರ್, ಸ್ಕೂಲ್ ಬಸ್ಸು ಬರುವುದುಂಟು. ಮನೆಗಾಡಿ ಬಂದದ್ದು ಇದೇ ಮೊದಲು. ಕಡಬದ ನಾಗಭೂಷಣ್ ಟೂರಿಗೆ ಬಾಡಿಗೆ ಬಿಡಲೆಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮಂಚ, ಒಲೆ, ಪುಟ್ಟ ಬಚ್ಚಲು ಮಾಡಿಸಿದ್ದ. ಗಿರಾಕಿ ಸಿಗದೆ ಅದು ತೆಂಗಿನ ಮರದ ಕೆಳಗೆ ನಿಂತೇ ಇತ್ತು. ಈಗ ಇದ್ದಕ್ಕಿದ್ದ ಹಾಗೆ, ಇವತ್ತೇ ರಿಪೇರಿ ಆಗಬೇಕಂತೆ.

ಜುಂಜಪ್ಪನದು ಒಂದು ನೇಮ. ಸಾವು ಕಂಡ ಗಾಡಿಗೆ ನಿಂಬೆಹಣ್ಣು ಕೊಯ್ಯದೆ ಅವನು ಕೈ ಹಾಕುವವನಲ್ಲ.

“ಹೇಳಣ್ಣ. ಮುಚ್ಚಿಟ್ರೆ ನಂಗೆ ಆಗ್ಬರಲ್ಲ.”

“ಯಾರೂ ಇಲ್ಲ ಜುಂಜಪ್ಪ,” ಎಂದ ನಾಗಭೂಷಣ್, ನೆಲ ನೋಡುತ್ತ.

“ನಿಂಬೆಹಣ್ಣೂ ಬೇಡ, ಗಿಂಬೆಹಣ್ಣೂ ಬೇಡ. ಕೆಲ್ಸ ನೋಡ್ಲಾ.” ಒಳಗೆ ಮಂಚದ ಮೇಲೆ ಕೂತಿದ್ದ ನಾಗಭೂಷಣನ ತಾಯಿ ರಂಗಲಕ್ಷ್ಮಮ್ಮನ ದನಿ. ಗಾಡಿಯ ಜೊತೆಗೆ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು.

“ಸದ್ದು ಕೇಳುಸ್ಲಿಲ್ವಾ ಅಜ್ಜಿ? ಹೆದ್ರಿಕೆ ಇಲ್ವಾ ನಿಮ್ಗೆ?”

“ಮನೇಲೂ ದಿನಾ ಕೇಳ್ತೀನಲ್ಲ. ನಮ್ ಯಜಮಾನ್ರು ಹಿಂಗೇ ಕೆಮ್ತಿದ್ದಿದ್ದು.”

ಜುಂಜಪ್ಪ ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆ ಮನೆಯ ಸುದ್ದಿ ಸುತ್ತಲಿನ ಊರಿಗೆಲ್ಲ ಗೊತ್ತು. ಯಜಮಾನ ದ್ಯಾವಪ್ಪ ನಡುಮನೆಯಲ್ಲೇ ತೀರಿಕೊಂಡಿದ್ದ, ಅದೂ ಕೆಟ್ಟ ನಕ್ಷತ್ರದಲ್ಲಿ. ಆರು ತಿಂಗಳು ಮನೆ ಬಿಡಬೇಕು ಎಂದರು ಶಾಸ್ತ್ರ ನೋಡಿದ ಐನೋರು. ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು, ಅದಕ್ಕೆ ಅಡ್ಡಲಾಗಿ ಮುಳ್ಳು ಕಟ್ಟಿ ಎಲ್ಲರೂ ಹೊರಬಿದ್ದರು. ನಾಗಭೂಷಣನ ಮಗಳು ಮಂಗಳಗೌರಿ ಆಗ ಹಸಿ ಬಾಣಂತಿ. ಮಳೆಯಲ್ಲಿ ಕೂಸು ಅವುಚಿಕೊಂಡು ನೆಂಟರ ಜಗುಲಿಯಿಂದ ಜಗುಲಿಗೆ ನಡೆದಳು. ಕೂಸು ಉಳಿಯಲಿಲ್ಲ. ಮುಳ್ಳು ತೆಗೆದು ವಾಪಸು ಬಂದ ಮೇಲೂ ಆ ಮನೆಯಲ್ಲಿ ಕೆಮ್ಮು ಕೇಳುತ್ತದೆ ಎನ್ನುತ್ತಿದ್ದರು.

“ಗೌರಿಗೆ ಮತ್ತೆ ದಿನ ತುಂಬ್ತಾ ಐತೆ,” ಎಂದಳು ರಂಗಲಕ್ಷ್ಮಮ್ಮ. “ಈ ಸಲ ಅವ್ಳು ಬೀದೀಲಿ ನಿಲ್ಬಾರ್ದು ಕಣಪ್ಪ. ಅದ್ಕೇ ಈ ಗಾಡಿ.”

ಜುಂಜಪ್ಪನಿಗೆ ಅರ್ಥವಾಯಿತು. ಅಂಥ ಮನೆಯಲ್ಲಿ ಎಳೆಕೂಸನ್ನು ಯಾರು ಮಲಗಿಸಿಯಾರು? ಅಜ್ಜಿಯ ಪಕ್ಕದಲ್ಲಿ ತುಮಕೂರಿನ ಆಸ್ಪತ್ರೆಯ ದೊಡ್ಡ ಕವರ್ ಕಂಡಿತು. ಬಸುರಿಯ ಸ್ಕ್ಯಾನಿಂಗ್ ಇರಬೇಕು. ಅವನು ನಿಂಬೆಹಣ್ಣಿನ ಮಾತು ಬಿಟ್ಟ.

ಮಂಚದ ಕೆಳಗಿನ ನೀರಿನ ಪಂಪು ಬಿಚ್ಚಿದ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವಿಗೆ ಮರಳು ಸಿಕ್ಕಿಕೊಂಡಿತ್ತು. ಪೈಪಿನ ನೀರು ಹಿಂದಕ್ಕೆ ಸೋರಿದಾಗೆಲ್ಲ ಪಂಪು ತಾನಾಗಿ ಎದ್ದು ಬಡಿದುಕೊಳ್ಳುತ್ತಿತ್ತು. ತೊಳೆದು ಕೂರಿಸಿದ. ಕೆಮ್ಮು ನಿಂತಿತು.

“ಹೋದ್ರು,” ಎಂದಳು ರಂಗಲಕ್ಷ್ಮಮ್ಮ ಮೆಲ್ಲಗೆ. ಸಮಾಧಾನವೋ ಸಂಕಟವೋ ತಿಳಿಯಲಿಲ್ಲ.

ಬಚ್ಚಲ ನೀರು ಹೊರಬಿಡುವ ವಾಲ್ವ್ ಮಾತ್ರ ಜಗ್ಗಲಿಲ್ಲ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಚ್ಚಿಕೊಂಡಿತ್ತು. ಜುಂಜಪ್ಪ ಹಿಡಿ ಹಿಡಿದು ಜಗ್ಗಿದ, ಬೈದ, ಮತ್ತೆ ಜಗ್ಗಿದ. ಕೊನೆಗೆ ಬಿಸಿ ಹುಣಸೆನೀರು ಹೊಯ್ದು ಬೆವರೊರೆಸಿಕೊಂಡ.

“ಎಳೀಬೇಡ್ಲಾ. ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರೂ ಬುಡೋ ಹೊತ್ಗೆ ಬುಡ್ತದೆ.”

“ಅದೂ ಸರಿ. ಮನೆಗೇ ಚಕ್ರ ಹಾಕ್ಸಿದ್ದೀರಲ್ಲ ಅಜ್ಜಿ, ಊರೂರು ಸುತ್ಬೋದು ಬುಡಿ.”

“ನಿನ್ ಬಾಯಿಗೊಂದು ವಾಲ್ವ್ ಹಾಕ್ಸು ಮೊದ್ಲು.”

ಜುಂಜಪ್ಪ ನಕ್ಕ. ಅವಳು ನಗಲು ಹೋಗಿ ಉಸಿರು ಸಿಕ್ಕಿಕೊಂಡು ಸುಮ್ಮನಾದಳು. ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು.

“ಮಲಗಿದ್ದಲ್ಲೇ ಕೈಗೆ ನೀರು ಸಿಗ್ತದಾ?”

“ಪೈಪ್ ಎಳ್ದು ಕೊಡ್ತೀನಿ.”

“ಈ ಮಧ್ಯದ ಮೇಜು ಕಿತ್ತಾಕು. ಮಂಚದಿಂದ ಬಾಗ್ಲವರ್ಗೂ ಜಾಗ ಇರ್ಬೇಕು.”

“ತೊಟ್ಟಿಲು ಕಟ್ಟೋಕಾ?”

“ತೊಟ್ಟಿಲಿನ ಚಿಂತೆ ನಿಂಗ್ಯಾಕೆ, ಬುಡು.” ಅವಳು ಬಾಗಿಲನ್ನೇ ನೋಡುತ್ತಿದ್ದಳು. “ಆಮೇಲೆ ತಿಂಗ್ಳುಗಟ್ಲೆ ಮುಚ್ಚಿಟ್ರೆ ಗಾಡಿ ಕೆಡ್ತದಾ?”

ಬಾಣಂತನ ಮುಗಿದ ಮೇಲಿನ ಮಾತು ಎಂದುಕೊಂಡ ಜುಂಜಪ್ಪ. “ನೀರೆಲ್ಲ ಖಾಲಿ ಮಾಡಿ, ಬ್ಯಾಟ್ರಿ ವೈರ್ ಬಿಚ್ಚಿಡಿ. ಏನೂ ಆಗಲ್ಲ.”

“ನಾಗ, ಕೇಳುಸ್ಕೊಂಡ್ಯಾ?”

“ಅವ್ವ, ಸುಮ್ನಿರವ್ವ,” ಎಂದ ನಾಗಭೂಷಣ್. ಶೆಡ್ಡಿನಾಚೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತುಬಿಟ್ಟ.

ಬಿಸಿಲು ಶೆಡ್ಡಿನ ಬಾಗಿಲು ದಾಟುವ ಹೊತ್ತಿಗೆ ವಾಲ್ವ್ ಸಡಿಲವಾಯಿತು. ಕಪ್ಪು ನೀರು ಭಳ್ಳನೆ ಹೊರಬಿತ್ತು. ಜುಂಜಪ್ಪ ವಾಲ್ವಿಗೆ ಗ್ರೀಸ್ ಸವರಿ, ಮೇಜು ಕಿತ್ತು, ಮಂಚದ ಬದಿಗೆ ಪೈಪ್ ಎಳೆದ. ಒಳಗೆ ಈಗ ಯಾವ ಸದ್ದೂ ಇಲ್ಲ. ರಂಗಲಕ್ಷ್ಮಮ್ಮ ಮಂಚದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿ ನೋಡುತ್ತಿದ್ದಳು.

“ಇನ್ನು ಬಾಣಂತೀನ ಧೈರ್ಯವಾಗಿ ಇಲ್ಲಿ ಮಲಗ್ಸಿ ಅಜ್ಜಿ. ದ್ಯಾವಪ್ಪನೋರು ಇದ್ರೊಳ್ಗೆ ಬರಲ್ಲ.”

“ಬಾಣಂತಿ ಮನೇಲೇ ಇರ್ತಾಳೆ ಕಣ್ಲಾ. ಡಾಕ್ಟ್ರು ಕೈ ಬುಟ್ಟಿರೋದು ನನ್ನ. ನಾನು ಇನ್ನು ಯಾವ ನಕ್ಷತ್ರದಾಗೆ ಹೋದ್ರೂ, ಮುಳ್ಳು ಈ ಬಾಗ್ಲಿಗೇ ಬೀಳ್ಲಿ.”